ಗೆಳೆಯನ ಎಚ್‌ಆರ್‌ವಿ 90, ನನ್ನದು 36: ನನ್ನ ಹಾರ್ಟ್ ವೀಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 44 ವರ್ಷ. ತುಮಕೂರಿನಲ್ಲಿ ಬ್ಯಾಂಕ್ ಕೆಲಸ. ನಾಲ್ಕು ವರ್ಷದಿಂದ ಓಡುತ್ತಿದ್ದೇನೆ, ಮೂರು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಬರುವ ಜನವರಿಯಲ್ಲಿ ಮುಂಬೈಯಲ್ಲಿ ಮೊದಲ ಫುಲ್ ಮ್ಯಾರಥಾನ್ ಓಡುವ ಆಸೆ. ಈಗ ವಾರಕ್ಕೆ 50 ಕಿ.ಮೀ. ಆಗುತ್ತಿದೆ. ಓಡಲು ಶುರು ಮಾಡಿದಾಗ 64 ಇದ್ದ ರೆಸ್ಟಿಂಗ್ ಹಾರ್ಟ್ ರೇಟ್ (ವಿಶ್ರಾಂತಿಯಲ್ಲಿದ್ದಾಗಿನ ಎದೆಬಡಿತ) ಈಗ 49. ಇದನ್ನು ನೋಡಿ ನಮ್ಮ ಮನೆಯವರಿಗೆ ಭಯ. ನನ್ನ ಚಿಂತೆ ಬೇರೆ. ನನ್ನ ಗಾರ್ಮಿನ್ ವಾಚು ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ, ಬಡಿತಗಳ ನಡುವಿನ ಅಂತರದ ಏರುಪೇರು) 36 ತೋರಿಸುತ್ತದೆ. ಜೊತೆಗೆ ಓಡುವ ಹುಡುಗನ ಆಪಲ್ ವಾಚಿನಲ್ಲಿ 90. ಅವನಿಗೆ 29 ವರ್ಷ. ನನ್ನ ಹಾರ್ಟ್ ವೀಕಾ? ಕೆಲವು ಬೆಳಿಗ್ಗೆ ವಾಚು 'ಲೋ' ಅನ್ನುತ್ತದೆ. ಮೊನ್ನೆ ಒಂದು ರಿಸೆಪ್ಷನ್ ಊಟ ಮುಗಿಸಿ ಬಂದ ಮರುದಿನ 22 ಬಂತು, ಹೆದರಿ ಓಡಲೇ ಇಲ್ಲ. ಇಂಥ ದಿನ ಓಡಬೇಕಾ, ಬೇಡವಾ? ಅಪ್ಪನಿಗೆ 58ನೇ ವಯಸ್ಸಿನಲ್ಲಿ ಸ್ಟೆಂಟ್ ಹಾಕಿಸಿದ್ದೇವೆ, ಅದನ್ನೂ ಹೇಳಬೇಕು ಅನ್ನಿಸಿತು.

ಉತ್ತರ: ಅಪ್ಪನ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕೊನೆಯ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮನೆಯವರ ಭಯ.

ಮನುಷ್ಯನ ಎದೆಬಡಿತ ನಿಮಿಷಕ್ಕೆ 72 ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಾಗಿ 49 ಅಂದರೆ ಏನೋ ಕೆಟ್ಟಿದೆ ಅನ್ನಿಸುವುದು ಸಹಜ. ವೈದ್ಯರ ಪುಸ್ತಕದಲ್ಲೂ ದೊಡ್ಡವರಿಗೆ 60ರಿಂದ 100 'ನಾರ್ಮಲ್'. ಆದರೆ ವರ್ಷಗಟ್ಟಲೆ ಓಡುವವರು, ಸೈಕಲ್ ತುಳಿಯುವವರು, ಈಜುವವರಲ್ಲಿ 40ರಿಂದ 60ರ ನಡುವೆ ಇರುವುದು ತೀರಾ ಸಾಮಾನ್ಯ. ಕ್ರೀಡಾಪಟುಗಳ ಇಸಿಜಿ ಓದಲು 2017ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಬೇರೆ ತೊಂದರೆ ಇಲ್ಲದಿದ್ದರೆ 30ರವರೆಗಿನ ನಿಧಾನ ಬಡಿತವನ್ನೂ ತರಬೇತಿಯ ಫಲ ಅಂತಲೇ ಒಪ್ಪಿಕೊಂಡಿದ್ದಾರೆ.

ಲೆಕ್ಕ ಸರಳವಾಗಿದೆ. ಸುಮ್ನೆ ಕೂತಿದ್ದಾಗ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. 64 ಬಡಿತದಲ್ಲಿ ಅಷ್ಟು ಕಳಿಸಲು ಒಂದೊಂದು ಬಡಿತಕ್ಕೆ 78 ಮಿಲಿಲೀಟರ್ ತಳ್ಳಬೇಕು. ಹೃದಯದ ಕೋಣೆ ಸ್ವಲ್ಪ ಹಿಗ್ಗಿ, ಒಂದು ಬಡಿತಕ್ಕೆ 102 ಮಿಲಿಲೀಟರ್ ತಳ್ಳುವಂತಾದರೆ 49 ಬಡಿತ ಸಾಕು. ಚಿಕ್ಕ ಬಿಂದಿಗೆಯಲ್ಲಿ ಹೆಚ್ಚು ಸಲ ನೀರು ಹೊರುವುದು, ದೊಡ್ಡ ಕೊಡದಲ್ಲಿ ಕಡಿಮೆ ಸಲ ಹೊರುವುದು, ಅಷ್ಟೇ ವ್ಯತ್ಯಾಸ. ಇದರ ಜೊತೆಗೆ ಹೃದಯದ ಬಡಿತ ಶುರುವಾಗುವ ಜಾಗದ ಸ್ವಭಾವವೇ ಬದಲಾಗುತ್ತದೆ. ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅಂತ ಒಂದು ಪುಟ್ಟ ತಾಣವಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ, ವ್ಯಾಯಾಮ ಮಾಡಿಸಿದ ಇಲಿಗಳಲ್ಲಿ ನರಗಳ ಪ್ರಭಾವವನ್ನು ಪೂರ್ತಿ ತಡೆದು ನೋಡಿತು. ಆಗಲೂ ಬಡಿತ ನಿಧಾನವಾಗಿಯೇ ಇತ್ತು. ಅಂದರೆ ನರಗಳು ಬ್ರೇಕ್ ಒತ್ತಿದ್ದಷ್ಟೇ ಕಾರಣವಲ್ಲ, ಎಂಜಿನ್ನಿನ ಐಡ್ಲಿಂಗೇ ತಗ್ಗಿತ್ತು.

ಹಾಗಂತ ಬಡಿತ ಇಳಿದಿದ್ದೆಲ್ಲ ಫಿಟ್‌ನೆಸ್ ಅಲ್ಲ. ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಥೈರಾಯ್ಡ್ ಕಡಿಮೆಯಾದರೂ ಬಡಿತ ಇಳಿಯುತ್ತದೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಇಳಿಯುತ್ತದೆ. ಡೆಂಗಿ ಜ್ವರ ಬಿಟ್ಟ ಮೇಲಿನ ಕೆಲವು ದಿನ ಬಡಿತ ತೀರಾ ನಿಧಾನವಾಗುವುದುಂಟು. ಆ ಸಂಖ್ಯೆ ನೋಡಿ 'ಮಲಗಿದ್ದರೂ ಫಿಟ್ ಆಗಿದ್ದೇನೆ' ಅಂದುಕೊಂಡು ಓಡಲು ಹೋಗಬಾರದು. ಇನ್ನೊಂದು ಕಾರಣವನ್ನು ನಾನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ, ಅದು ಸಾಕಷ್ಟು ತಿನ್ನದಿರುವುದು. ತೂಕ ಇಳಿಸಬೇಕೆಂದು ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 15 ಕಿ.ಮೀ. ಓಡುತ್ತಿದ್ದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಿದ್ದಳು. ಮೂರು ತಿಂಗಳಲ್ಲಿ ಬಡಿತ 58ರಿಂದ 44ಕ್ಕೆ ಇಳಿದಿದೆ ಅಂತ ಖುಷಿಯಲ್ಲಿದ್ದಳು. ಕೈ ಮುಟ್ಟಿದರೆ ತಣ್ಣಗಿತ್ತು. ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಅವಳ ದೇಹ ಫಿಟ್ ಆಗಿರಲಿಲ್ಲ, ಇರುವ ಸ್ವಲ್ಪ ಶಕ್ತಿಯನ್ನು ಉಳಿಸಿಕೊಳ್ಳಲು ಎಲ್ಲವನ್ನೂ ನಿಧಾನ ಮಾಡಿತ್ತು. ಅವಳಿಗೆ ನಾನು ಬರೆದುಕೊಟ್ಟ ಮೊದಲ ಔಷಧ ರಾತ್ರಿಯ ಮುದ್ದೆ, ಸಾರು, ಮೊಟ್ಟೆ.

ನಿಮ್ಮದು ನಾಲ್ಕು ವರ್ಷದಲ್ಲಿ ನಿಧಾನಕ್ಕೆ ಇಳಿದಿದೆ. ತಲೆಸುತ್ತು ಇಲ್ಲ, ಕಣ್ಣು ಕತ್ತಲೆ ಬಂದಿಲ್ಲ, ಓಡುವಾಗ ಬಡಿತ ಸಲೀಸಾಗಿ ಏರುತ್ತದೆ ಅಂತಾದರೆ 49ಕ್ಕೆ ಹೆದರಬೇಕಿಲ್ಲ. ಮನೆಯವರಿಗೂ ಇದನ್ನು ಓದಿ ಹೇಳಿ. ತಲೆಸುತ್ತು, ಕಣ್ಣು ಕತ್ತಲೆ ಇದ್ದರೆ, ಇಲ್ಲವೇ ಓಡುವಾಗ ಬಡಿತ ಸರಿಯಾಗಿ ಏರದಿದ್ದರೆ ಮೊದಲು ಇಸಿಜಿ ಮಾಡಿಸಿ, ಆಮೇಲೆ ಓಟದ ಮಾತು.

ಈಗ ಎಚ್‌ಆರ್‌ವಿ. ಒಂದು ನಿಮಿಷ ಫೋನ್ ಕೆಳಗಿಡಿ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಉಸಿರು ಎಳೆಯುವಾಗ ಬಡಿತ ಸ್ವಲ್ಪ ಒತ್ತೊತ್ತಾಗಿ ಬರುತ್ತದೆ, ಬಿಡುವಾಗ ದೂರದೂರ ಆಗುತ್ತದೆ. ಗೊತ್ತಾಯಿತಲ್ವಾ? ನೀವು ಬೆರಳಲ್ಲಿ ಹಿಡಿದದ್ದೇ ಎಚ್‌ಆರ್‌ವಿ. ಆರೋಗ್ಯವಾಗಿರುವ ಹೃದಯ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಅಂತ ಒಂದೇ ಅಳತೆಯಲ್ಲಿ ಬಡಿಯುವುದಿಲ್ಲ.

ಇದರ ಹಿಂದೆ ಇರುವುದು ವೇಗಸ್ ನರ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಎದೆ, ಹೊಟ್ಟೆಗೆ ಇಳಿಯುವ ಉದ್ದನೆಯ ನರ ಅದು. ಹೃದಯಕ್ಕೆ ಅದು ಬ್ರೇಕ್. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಒಂದರ ವೇಗಸ್ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತ ಇದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದರೆ, ನರವನ್ನೇ ಮುಟ್ಟದ ಆ ಹೃದಯವೂ ನಿಧಾನವಾಯಿತು. ನರ ಒಂದು ರಾಸಾಯನಿಕದ ಮೂಲಕ ಮಾತಾಡುತ್ತದೆ ಅಂತ ಹಾಗೆ ತಿಳಿಯಿತು. ಅಸಿಟೈಲ್‌ಕೋಲಿನ್ ಎಂಬ ಈ ರಾಸಾಯನಿಕ ಕ್ಷಣದಲ್ಲಿ ಕೆಲಸ ಮಾಡುತ್ತದೆ, ಕ್ಷಣದಲ್ಲಿ ಕರಗಿಹೋಗುತ್ತದೆ. ಅದಕ್ಕೇ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರ ಬದಲಾಗುವುದು. ಆಕ್ಸಿಲರೇಟರ್ ಕಡೆಯ ನರಗಳು, ಅಂದರೆ ಗಾಬರಿಯಾದಾಗ ಎದೆ ಡವಡವ ಅನ್ನಿಸುವ ನರಗಳು, ಇಷ್ಟು ಚುರುಕಲ್ಲ. ಅವು ಕೆಲಸ ತೋರಿಸಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತವೆ. ಹೀಗಾಗಿ ಬಡಿತದಿಂದ ಬಡಿತಕ್ಕೆ ಆಗುವ ಏರುಪೇರನ್ನು ಅಳೆದರೆ ಬ್ರೇಕ್ ಎಷ್ಟು ಚುರುಕಾಗಿದೆ ಅಂತ ಗೊತ್ತಾಗುತ್ತದೆ. ದೇಹ ವಿಶ್ರಾಂತಿಯಲ್ಲಿ, ದುರಸ್ತಿಯಲ್ಲಿ ಇದ್ದಾಗ ಬ್ರೇಕ್ ಚುರುಕು. ಒತ್ತಡದಲ್ಲಿದ್ದಾಗ ಮಂಕು.

ನಿಮ್ಮ 36 ಎಲ್ಲಿಂದ ಬಂತು ಅಂತ ಒಮ್ಮೆ ಕೈಲೆಕ್ಕ ಮಾಡೋಣ. 49 ಬಡಿತ ಅಂದರೆ ಎರಡು ಬಡಿತಗಳ ನಡುವೆ ಸರಾಸರಿ 1,220 ಮಿಲಿಸೆಕೆಂಡ್. ಐದು ಅಂತರ ಹೀಗಿವೆ ಅಂದುಕೊಳ್ಳಿ: 1,200, 1,240, 1,205, 1,245, 1,215. ಪಕ್ಕಪಕ್ಕದವುಗಳ ವ್ಯತ್ಯಾಸ 40, 35, 40, 30. ಇವುಗಳ ವರ್ಗ ಮಾಡಿ ಕೂಡಿದರೆ 5,325. ನಾಲ್ಕರಿಂದ ಭಾಗಿಸಿದರೆ ಸುಮಾರು 1,331. ಅದರ ವರ್ಗಮೂಲ 36. ಈ ಅಳತೆಗೆ ಆರ್‌ಎಂಎಸ್‌ಎಸ್‌ಡಿ ಅಂತ ಹೆಸರು. ನಿಮ್ಮ ವಾಚು ರಾತ್ರಿಯಿಡೀ ಮಾಡುವುದು ಇದೇ ಲೆಕ್ಕವನ್ನು, ಸಾವಿರಾರು ಬಡಿತಗಳ ಮೇಲೆ. ಇದರಲ್ಲಿ ಹೃದಯದ ಸ್ನಾಯು ಎಷ್ಟು ಗಟ್ಟಿ ಅನ್ನುವ ಮಾಹಿತಿ ಎಲ್ಲೂ ಇಲ್ಲ. ಆದ್ದರಿಂದ 36 ಅಂದರೆ 'ಹಾರ್ಟ್ ವೀಕ್' ಅಲ್ಲವೇ ಅಲ್ಲ.

ಹಾಗಾದರೆ ಆ ಹುಡುಗನ 90? ಅವನ ಆಪಲ್ ವಾಚು ತೋರಿಸುವುದು ಬೇರೆಯದೇ ಲೆಕ್ಕ, ಎಸ್‌ಡಿಎನ್‌ಎನ್ ಅಂತ. ಅದು ಪಕ್ಕಪಕ್ಕದ ಬಡಿತ ನೋಡುವುದಿಲ್ಲ, ಅಂತರಗಳೆಲ್ಲ ಒಟ್ಟಾರೆ ಎಷ್ಟು ಚದುರಿವೆ ಅಂತ ನೋಡುತ್ತದೆ. ಅಳೆಯುವ ಹೊತ್ತೂ ಬೇರೆ. ನಿಮ್ಮ ವಾಚು ನಿದ್ದೆಯ ಹೊತ್ತಿನ ಸರಾಸರಿ ಕೊಡುತ್ತದೆ, ಅವನದು ಆಗಾಗ ಚಿಕ್ಕ ಚಿಕ್ಕ ತುಣುಕುಗಳನ್ನು ಅಳೆಯುತ್ತದೆ. ನೀವಿಬ್ಬರೂ ಹೋಲಿಸುತ್ತಿರುವುದು ಸೇರನ್ನೂ ಲೀಟರನ್ನೂ. ಒಂದೇ ವಾಚು ಕಟ್ಟಿಕೊಂಡಿದ್ದರೂ ಹೋಲಿಕೆ ಸರಿಯಲ್ಲ. ಎಚ್‌ಆರ್‌ವಿ ವಯಸ್ಸಾದಂತೆ ಇಳಿಯುತ್ತದೆ. ನಿಮಗೂ ಅವನಿಗೂ 15 ವರ್ಷದ ಅಂತರ. ಇದರಲ್ಲಿ ಹುಟ್ಟಿನಿಂದ ಬಂದ ಪಾಲೂ ದೊಡ್ಡದು, ಎತ್ತರದ ಹಾಗೆ. 25-30ರ ಎಚ್‌ಆರ್‌ವಿ ಇಟ್ಟುಕೊಂಡೇ ನಿಮಗಿಂತ ಬೇಗ ಮ್ಯಾರಥಾನ್ ಮುಗಿಸುವ ನಿಮ್ಮ ವಯಸ್ಸಿನವರು ಇದ್ದಾರೆ. ದಯವಿಟ್ಟು ಓಟದ ಗ್ರೂಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಸ್ಕ್ರೀನ್‌ಶಾಟ್ ಹಾಕಿ ಹೋಲಿಸುವುದನ್ನು ನಿಲ್ಲಿಸಿ. ಅದರಿಂದ ಬರುವ ಚಿಂತೆಯೇ ಸಾಕು ಸಂಖ್ಯೆಯನ್ನು ಇನ್ನೂ ಇಳಿಸಲು.

ನೀವು ಹೋಲಿಸಬೇಕಾದದ್ದು ನಿಮ್ಮ ಜೊತೆಗೇ. ನೀವು ಬ್ಯಾಂಕಿನವರು. ಸಾಲ ಕೇಳಿ ಬಂದವರ ಇವತ್ತಿನ ಬ್ಯಾಲೆನ್ಸ್ ಒಂದನ್ನೇ ನೋಡಿ ತೀರ್ಮಾನ ಮಾಡುತ್ತೀರಾ? ಆರು ತಿಂಗಳ ಸ್ಟೇಟ್‌ಮೆಂಟ್ ತನ್ನಿ ಅನ್ನುತ್ತೀರಿ. ಇಲ್ಲೂ ಹಾಗೆಯೇ. ಎಚ್‌ಆರ್‌ವಿ ದಿನದಿಂದ ದಿನಕ್ಕೆ ತುಂಬಾ ಕುಣಿಯುವ ಸಂಖ್ಯೆ. ಏನೂ ಆಗದೆಯೂ ಇವತ್ತು 41, ನಾಳೆ 33 ಬರಬಹುದು. ಅದಕ್ಕೇ ಕ್ರೀಡಾ ವಿಜ್ಞಾನದವರು ಒಂದು ದಿನದ ಸಂಖ್ಯೆಗೆ ಬೆಲೆ ಕೊಡುವುದಿಲ್ಲ, ಏಳು ದಿನದ ಸರಾಸರಿ ನೋಡುತ್ತಾರೆ. ಆ ಸರಾಸರಿ ನಿಮ್ಮ ಮಾಮೂಲಿ ಮಿತಿಯೊಳಗೆ ಇದೆಯಾ, ಹೊರಗೆ ಜಾರುತ್ತಿದೆಯಾ ಅನ್ನುವುದೇ ಪ್ರಶ್ನೆ. ಆ ಮಿತಿ ಕಂಡುಕೊಳ್ಳಲು ನಿಮ್ಮ ವಾಚಿಗೂ ಸುಮಾರು ಮೂರು ವಾರದ ನಿದ್ದೆ ಬೇಕು. ರೆಸ್ಟಿಂಗ್ ಹಾರ್ಟ್ ರೇಟ್ ಇಷ್ಟು ಕುಣಿಯುವುದಿಲ್ಲ. ಅದು ಎರಡು ಮೂರರಷ್ಟು ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಅದು ಐದು, ಏಳು ಏರಿದರೆ ಆ ಏರಿಕೆಗೆ ತೂಕ ಜಾಸ್ತಿ. ಎರಡನ್ನೂ ಒಟ್ಟಿಗೆ ಓದುವುದನ್ನು ರೂಢಿ ಮಾಡಿಕೊಳ್ಳಿ.

ವಾಚಿನ ಮೇಲೆ ನಂಬಿಕೆ ಸಾಲದಿದ್ದರೆ ಬೆಳಿಗ್ಗೆ ಚೆಸ್ಟ್ ಸ್ಟ್ರಾಪ್ ಕಟ್ಟಿ ಅಳೆಯಬಹುದು. ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ವಾಚು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಬೆಳಕಿನಿಂದ ನೋಡುತ್ತದೆ. ಮಲಗಿ ನೆಮ್ಮದಿಯಾಗಿದ್ದಾಗ ಎರಡೂ ಹತ್ತಿರ ಹತ್ತಿರವೇ ಬರುತ್ತವೆ. ಎದ್ದು ಮೂತ್ರಕ್ಕೆ ಹೋಗಿ ಬನ್ನಿ. ಮಂಚದ ಅಂಚಿನಲ್ಲಿ ಕಾಲು ನೆಲಕ್ಕೂರಿ ಕೂತುಕೊಳ್ಳಿ. ಎರಡು ನಿಮಿಷ ಸುಮ್ನೆ ಇದ್ದು, ಆಮೇಲೆ ಎರಡು ಮೂರು ನಿಮಿಷ ಅಳೆಯಿರಿ. ಉಸಿರಾಟ ಹೇಗಿದೆಯೋ ಹಾಗೇ ಇರಲಿ, ಸಂಖ್ಯೆ ಏರಿಸಲು ದೀರ್ಘ ಉಸಿರು ಎಳೆಯಬೇಡಿ. ಕಾಫಿ ಆಮೇಲೆ. ಮುಖ್ಯವಾಗಿ, ಅದಕ್ಕೆ ಮೊದಲು ವಾಟ್ಸ್‌ಆ್ಯಪ್ ತೆಗೆಯಬೇಡಿ. ಮ್ಯಾನೇಜರ್ ಮೆಸೇಜ್ ಒಂದು ಕಂಡರೆ ಸಾಕು, ಅಳತೆ ಕೆಟ್ಟಿತು. ದಿನಾ ಒಂದೇ ಭಂಗಿ, ಒಂದೇ ಹೊತ್ತು ಇರಲಿ. ಇವತ್ತು ಮಲಗಿ, ನಾಳೆ ಕೂತು ಅಳೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ರಿಸೆಪ್ಷನ್ ಊಟದ ಮರುದಿನದ 22ಕ್ಕೆ ಬರೋಣ. ಆವತ್ತು ಏನೇನಾಯಿತು ಅಂತ ನಾನು ಊಹಿಸಬಲ್ಲೆ. ಸಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ಊಟಕ್ಕೆ ಕೂರುವಾಗ ಹತ್ತು ಗಂಟೆ. ಹೋಳಿಗೆ, ತುಪ್ಪ, ಪಲಾವ್, ಐಸ್‌ಕ್ರೀಮ್. ಮನೆಗೆ ಬಂದು ಮಲಗುವಾಗ ಹನ್ನೆರಡು. ಒಳ್ಳೆಯ ನಿದ್ದೆಯಲ್ಲಿ ಬಡಿತ ರಾತ್ರಿ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಹೊಟ್ಟೆ ತುಂಬಾ ತಿಂದು ಮಲಗಿದ ರಾತ್ರಿ ಜೀರ್ಣಿಸುವ ಕೆಲಸ ನಡೆಯುತ್ತಲೇ ಇರುತ್ತದೆ. ಮೈ ಬಿಸಿಯೂ ಬೇಗ ಇಳಿಯುವುದಿಲ್ಲ. ಬಡಿತ ಮೇಲೆಯೇ ಇದ್ದು, ಬೆಳಗಿನ ಜಾವದಲ್ಲಷ್ಟೇ ಇಳಿಯುತ್ತದೆ. ವಾಚು ಕಂಡದ್ದು ಅದನ್ನೇ. ಮದ್ಯ ಕುಡಿದಿದ್ದರೆ ಇನ್ನೂ ಜೋರು. ನಾನು ನೋಡುವ ಚಾರ್ಟುಗಳಲ್ಲಿ ಎರಡು ಪೆಗ್ ಹಾಕಿದ ರಾತ್ರಿಯನ್ನು ಯಾರೂ ಹೇಳದೆಯೇ ಗುರುತಿಸಬಹುದು, ಅಷ್ಟು ಸ್ಪಷ್ಟವಾಗಿರುತ್ತದೆ. ವಾಚಿಗೆ ಕಾಣುವುದು ಬಡಿತ ಮಾತ್ರ. ಹೋಳಿಗೆಯೋ, ಆಡಿಟ್ಟೋ, ಮಗುವಿಗೆ ಜ್ವರ ಬಂದು ನಿದ್ದೆಗೆಟ್ಟಿದ್ದೋ, ಹಿಂದಿನ ದಿನದ 28 ಕಿ.ಮೀ. ಲಾಂಗ್ ರನ್ನೋ, ಅದಕ್ಕೆ ಎಲ್ಲವೂ ಒಂದೇ. ಕಾರಣ ಗೊತ್ತಿರುವುದು ನಿಮಗೆ.

ಆದ್ದರಿಂದ ಬೆಳಿಗ್ಗೆ 'ಲೋ' ಕಂಡಾಗ ನೀವು ಮೊದಲು ಕೇಳಿಕೊಳ್ಳಬೇಕಾದದ್ದು, ನಿನ್ನೆ ಏನಾಗಿತ್ತು ಅಂತ. ಕಾರಣ ಗೊತ್ತಿದೆ, ಮೈ ಚೆನ್ನಾಗಿದೆ, ರೆಸ್ಟಿಂಗ್ ಹಾರ್ಟ್ ರೇಟ್ ಮಾಮೂಲಿ ಇದೆ ಅಂದರೆ ಓಡಿ. ಆವತ್ತು ಈಸಿ ರನ್ ಇದ್ದರೆ ಬದಲಾಯಿಸುವುದೇ ಬೇಡ. ಇಂಟರ್ವಲ್ ಅಥವಾ ಟೆಂಪೋ ಥರದ ಜೋರು ಓಟ ಇದ್ದರೆ ಮೊದಲ 15 ನಿಮಿಷ ನಿಧಾನವಾಗಿ ಓಡಿ ನೋಡಿ. ಯಾವಾಗಲೂ 135 ಬಡಿತದಲ್ಲಿ ಓಡುವ ಪೇಸ್‌ಗೆ ಇವತ್ತು 145 ತೋರಿಸುತ್ತಿದೆ, ಕಾಲು ಭಾರ ಅನ್ನಿಸುತ್ತಿದೆ ಅಂದರೆ ಆ ಸ್ಪೀಡ್ ಕೆಲಸವನ್ನು ಎರಡು ದಿನ ಮುಂದಕ್ಕೆ ಹಾಕಿ, ಇವತ್ತು ಅದೇ ನಿಧಾನದಲ್ಲಿ ಮುಗಿಸಿ. ಮದುವೆ ಊಟದ ಮರುದಿನ ನೀವು ಆರಾಮಾಗಿ ಎಂಟು ಕಿಲೋಮೀಟರ್ ಓಡಬಹುದಿತ್ತು. ಏನೂ ಆಗುತ್ತಿರಲಿಲ್ಲ.

ಎಚ್‌ಆರ್‌ವಿ ನೋಡಿ ತರಬೇತಿ ನಡೆಸುವುದರಿಂದ ಲಾಭವಿದೆಯಾ ಅಂತ ಫಿನ್ಲೆಂಡಿನ ಔಲು ನಗರದ ಸಂಶೋಧಕರು 2007ರಲ್ಲೇ ಪರೀಕ್ಷಿಸಿದ್ದರು. ಒಲಿಂಪಿಕ್ಸ್‌ನವರ ಮೇಲಲ್ಲ, ನಿಮ್ಮಂಥ ಸಾಮಾನ್ಯ ಓಟಗಾರರ ಮೇಲೆ. ಒಂದು ಗುಂಪು ಮೊದಲೇ ಹಾಕಿಟ್ಟ ಟೈಮ್‌ಟೇಬಲ್ ಪ್ರಕಾರ ಓಡಿತು. ಇನ್ನೊಂದು ಗುಂಪು ಬೆಳಗಿನ ಎಚ್‌ಆರ್‌ವಿ ಸರಿಯಿದ್ದ ದಿನ ಮಾತ್ರ ಜೋರಾಗಿ, ಇಳಿದಿದ್ದರೆ ನಿಧಾನವಾಗಿ ಓಡಿತು ಇಲ್ಲವೇ ವಿಶ್ರಾಂತಿ ತೆಗೆದುಕೊಂಡಿತು. ನಾಲ್ಕು ವಾರದ ಕೊನೆಗೆ ಈ ಗುಂಪಿನವರ ಗರಿಷ್ಠ ಓಟದ ವೇಗ ಜಾಸ್ತಿ ಸುಧಾರಿಸಿತ್ತು. ಚಿಕ್ಕ ಅಧ್ಯಯನ ಅದು, ಕೆಲವೇ ಜನ. ಆಮೇಲೆ ನಡೆದವುಗಳಲ್ಲಿ ಲಾಭ ಒಮ್ಮೊಮ್ಮೆ ಸ್ಪಷ್ಟ, ಒಮ್ಮೊಮ್ಮೆ ಅಷ್ಟಕ್ಕಷ್ಟೆ. ನನ್ನ ಅನುಭವದಲ್ಲಿ ದೊಡ್ಡ ಉಪಯೋಗ ಬೇರೆಯದೇ. ಕೆಲಸ, ಮನೆ, ಇಎಂಐ ಎಲ್ಲದರ ನಡುವೆ ಓಡುವವರು ದಣಿವನ್ನು ಒಪ್ಪಿಕೊಳ್ಳುವುದೇ ಇಲ್ಲ. 'ಪ್ಲಾನ್‌ನಲ್ಲಿ ಇದೆ, ಮಾಡಲೇಬೇಕು' ಅನ್ನುತ್ತಾರೆ. ಅಂಥವರಿಗೆ ಈ ಸಂಖ್ಯೆ ಒಂದು ದಿನ ನಿಧಾನ ಮಾಡಲು ಅನುಮತಿ ಕೊಡುತ್ತದೆ.

ಒಂದು ದಿನದ ಇಳಿತ ಬಿಟ್ಟುಬಿಡಿ. ನಾಲ್ಕೈದು ದಿನ ಎಚ್‌ಆರ್‌ವಿ ಕೆಳಗೇ ಇದೆ, ರೆಸ್ಟಿಂಗ್ ಹಾರ್ಟ್ ರೇಟ್ ಐದಾರು ಮೇಲಿದೆ, ನಿದ್ದೆ ಸರಿಯಿಲ್ಲ, ಸಣ್ಣದಕ್ಕೂ ಸಿಡುಕು ಬರುತ್ತಿದೆ, ಇವೆಲ್ಲ ಒಟ್ಟಿಗೆ ಬಂದರೆ ಆ ವಾರದ ಓಟವನ್ನು ಅರ್ಧಕ್ಕೆ ಇಳಿಸಿ. ಕಾಯಿಲೆ ಬರುವ ಮುನ್ನವೂ ಹೀಗಾಗುತ್ತದೆ. ಗಂಟಲು ಕೆರೆಯುವ ಮೊದಲೇ ಬೆಳಗಿನ ಬಡಿತ ಏರಿರುವುದನ್ನು ಎಷ್ಟೋ ಜನರ ಚಾರ್ಟಿನಲ್ಲಿ ನೋಡಿದ್ದೇನೆ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು ಹತ್ತು ಏರುತ್ತದೆ. ಜ್ವರ ಇದ್ದಾಗ ಓಡುವುದು ಬೇಡವೇ ಬೇಡ. ವೈರಸ್ ಹೃದಯದ ಸ್ನಾಯುವಿನವರೆಗೂ ಹೋಗಿ ಊತ ತರಬಹುದು. ಆ ಹೊತ್ತಿನ ಶ್ರಮ ಪ್ರಾಣಕ್ಕೇ ಕುತ್ತು ತರುತ್ತದೆ. ಜ್ವರ ಬಿಟ್ಟು, ಬಡಿತ ಹಳೆಯ ಮಟ್ಟಕ್ಕೆ ಬಂದು ಎರಡು ಮೂರು ದಿನ ಅಲ್ಲೇ ನಿಂತ ಮೇಲೆ ನಡಿಗೆಯಿಂದ ಶುರು ಮಾಡಿ.

ಬಿಸಿಲುಗಾಲದ ಮೊದಲ ವಾರಗಳಲ್ಲಿ, ನೀರು ಕಡಿಮೆ ಕುಡಿದ ದಿನಗಳಲ್ಲಿ ಕೂಡ ಬಡಿತ ಏರುತ್ತದೆ. ಲಡಾಖ್ ಮ್ಯಾರಥಾನ್‌ಗೆ ಹೋಗುವ ನಮ್ಮವರು ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದ ಮರುದಿನ ವಾಚು ನೋಡಿ ಕಂಗಾಲಾಗುತ್ತಾರೆ. ಗಾಳಿಯಲ್ಲಿ ಆಮ್ಲಜನಕ ತೆಳುವಾದಾಗ ಹಾಗೆ ಆಗಲೇಬೇಕು. ಹೆಂಗಸರಲ್ಲಿ ಮುಟ್ಟಿಗೆ ಮುಂಚಿನ ಎರಡು ವಾರ ಬಡಿತ ಸ್ವಲ್ಪ ಮೇಲೆ, ಎಚ್‌ಆರ್‌ವಿ ಸ್ವಲ್ಪ ಕೆಳಗೆ ಇರುತ್ತದೆ. ಅದು ದಣಿವಲ್ಲ, ತಿಂಗಳ ಸುತ್ತು. ಇದು ಗೊತ್ತಿಲ್ಲದೆ ಪ್ರತಿ ತಿಂಗಳೂ ಎರಡು ವಾರ ತಮ್ಮನ್ನೇ ಬೈದುಕೊಳ್ಳುವ ಓಟಗಾರ್ತಿಯರನ್ನು ಕಂಡು ನನಗೆ ಬೇಸರವಾಗುತ್ತದೆ.

ಎಚ್‌ಆರ್‌ವಿ ಏರಿದರೆ ಯಾವಾಗಲೂ ಒಳ್ಳೆಯದು ಅನ್ನುವ ನಂಬಿಕೆಯೊಂದಿದೆ. ಅದು ತಪ್ಪು. ಫ್ರಾನ್ಸಿನಲ್ಲಿ ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಮಾಡುವವರಿಗೆ ಬೇಕೆಂದೇ ಮೂರು ವಾರ ಅತಿಯಾದ ತರಬೇತಿ ಕೊಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಬಂತು. ದಣಿದು ಓಟದ ಸಾಮರ್ಥ್ಯ ಕುಸಿದವರಲ್ಲಿ ಎಚ್‌ಆರ್‌ವಿ ಇಳಿಯುವ ಬದಲು ಏರಿತ್ತು, ಬಡಿತ ತಗ್ಗಿತ್ತು. ವಾಚು ಮಾತ್ರ ನೋಡಿದ್ದರೆ ಭರ್ಜರಿ ಫಾರ್ಮ್‌ನಲ್ಲಿದ್ದಾರೆ ಅನ್ನಬೇಕಿತ್ತು. ಸಂಖ್ಯೆ ಚೆನ್ನಾಗಿದ್ದು ಕಾಲು ಏಳುತ್ತಿಲ್ಲ ಅಂದರೆ ಕಾಲನ್ನು ನಂಬಿ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಕೆಲವು ವರ್ಷದ ಹಿಂದೆ 56 ವರ್ಷದ ಸೈಕಲ್ ಸವಾರರೊಬ್ಬರು ಬಂದರು. ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತುವವರು. 'ಡಾಕ್ಟ್ರೇ, ಎಚ್‌ಆರ್‌ವಿ ಒಂದೇ ವಾರದಲ್ಲಿ 40ರಿಂದ 140ಕ್ಕೆ ಹೋಗಿದೆ. ಪ್ರಾಣಾಯಾಮದ ಫಲ ಇರಬೇಕು' ಅಂತ ಫೋನ್ ಮುಂದೆ ಹಿಡಿದರು. ನಾನು ಫೋನ್ ನೋಡಲಿಲ್ಲ, ಕೈ ಹಿಡಿದೆ. ನಾಡಿಗೆ ತಾಳವೇ ಇರಲಿಲ್ಲ. ಎರಡು ಒತ್ತಾಗಿ, ಒಂದು ದೂರ, ಒಂದು ಬಲವಾಗಿ, ಒಂದು ಸಿಕ್ಕೂ ಸಿಗದ ಹಾಗೆ. ಉಸಿರಿನ ಜೊತೆ ಏರಿಳಿಯುವ ಬಡಿತಕ್ಕೆ ಒಂದು ಲಯ ಇರುತ್ತದೆ, ಇದಕ್ಕೆ ಇರಲಿಲ್ಲ. ಇಸಿಜಿ ತೆಗೆದೆವು. ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ನಡುಗುತ್ತಿದ್ದವು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಬಡಿತಗಳ ಅಂತರ ಅಡ್ಡಾದಿಡ್ಡಿ ಆದಾಗಲೂ ಆರ್‌ಎಂಎಸ್‌ಎಸ್‌ಡಿ ಲೆಕ್ಕ ದೊಡ್ಡ ಸಂಖ್ಯೆಯನ್ನೇ ಕೊಡುತ್ತದೆ. ಅದಕ್ಕೆ ಒಳ್ಳೆಯ ಏರುಪೇರು, ಕೆಟ್ಟ ಏರುಪೇರು ಅಂತ ಭೇದವಿಲ್ಲ. ಅವರಿಗೆ ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕಿತು. ಈಗಲೂ ಸೈಕಲ್ ತುಳಿಯುತ್ತಾರೆ, ಸ್ವಲ್ಪ ಕಡಿಮೆ.

ವರ್ಷಾನುಗಟ್ಟಲೆ ದೂರದ ಓಟ, ಸೈಕಲ್, ಸ್ಕೀ ಮಾಡಿದವರಲ್ಲಿ ಈ ತೊಂದರೆ ತುಸು ಜಾಸ್ತಿ ಅನ್ನುವುದೂ ನಿಜ. ಸ್ವೀಡನ್ನಿನ 90 ಕಿ.ಮೀ. ಸ್ಕೀ ಸ್ಪರ್ಧೆ ವಾಸಲೊಪೆಟ್‌ನಲ್ಲಿ ಭಾಗವಹಿಸಿದ 52,755 ಜನರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಹೆಚ್ಚು ಸಲ ಸ್ಪರ್ಧೆ ಮುಗಿಸಿದವರಲ್ಲಿ ಬಡಿತ ತಪ್ಪುವ ತೊಂದರೆ ಹೆಚ್ಚು ಕಂಡಿತು. ಇದನ್ನು ಹೇಳಿದ್ದು ಓಟ ಬಿಡಿಸಲು ಅಲ್ಲ. ವಾರಕ್ಕೆ 50 ಕಿ.ಮೀ. ಓಡುವ ನಿಮಗೆ ಓಟದಿಂದ ಸಿಗುವ ಲಾಭವೇ ದೊಡ್ಡದು. ಆದರೆ ನಿಮ್ಮ 36 ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ 110 ಆದರೆ ಗ್ರೂಪಿಗೆ ಹಾಕುವ ಮೊದಲು ನಾಡಿ ಹಿಡಿದು ನೋಡಿ.

ಈಗ ನಿಮ್ಮ ಅಪ್ಪನ ವಿಷಯ. ವಾಚು ಬಡಿತದ ನಡುವಿನ ಅಂತರ ಅಳೆಯುತ್ತದೆ ಅಂದೆನಲ್ಲ. ಹೃದಯಕ್ಕೆ ರಕ್ತ ಕೊಡುವ ಕೊಳವೆಯಲ್ಲಿ ಕೊಬ್ಬು ಕಟ್ಟುತ್ತಿದೆಯಾ ಅನ್ನುವುದು ಅದಕ್ಕೆ ಕಾಣುವುದಿಲ್ಲ. ರೆಸ್ಟಿಂಗ್ 49 ಇರಲಿ, ಎಚ್‌ಆರ್‌ವಿ 36 ಇರಲಿ, 96 ಇರಲಿ, ಬ್ಲಾಕ್ ಇಲ್ಲ ಅನ್ನುವುದಕ್ಕೆ ಅವು ಸಾಕ್ಷಿಯಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುವುದು ಕಂಡುಬಂತು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಅವರಿಗೆ 46. ಆ ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತೋರಿಸಲು ಜನ ಮುಗಿಬಿದ್ದಿದ್ದರು. 'ಅಷ್ಟು ಫಿಟ್ ಆಗಿದ್ದವರಿಗೇ ಹೀಗಾ' ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಆ ನೋವು ನನಗೆ ಇನ್ನೂ ಹಸಿಯಾಗಿದೆ. ಫಿಟ್ ಆಗಿರುವುದು ಒಂದು, ರಕ್ತನಾಳ ಚೆನ್ನಾಗಿರುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು.

ಫುಲ್ ಮ್ಯಾರಥಾನ್‌ನ ಲಾಂಗ್ ರನ್‌ಗಳು ಶುರುವಾಗುವ ಮೊದಲು ಹೃದ್ರೋಗ ತಜ್ಞರೊಬ್ಬರನ್ನು ಕಾಣಿ. ಅಪ್ಪನ ವಯಸ್ಸು, ಸ್ಟೆಂಟ್ ಎರಡನ್ನೂ ಮರೆಯದೆ ಹೇಳಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಆಗಲಿ. ಲೈಪೊಪ್ರೋಟೀನ್ ಎ ಅಂತ ಒಂದು ರಕ್ತ ಪರೀಕ್ಷೆ ಇದೆ, ಮನೆತನದಲ್ಲಿ ಹೃದ್ರೋಗ ಇದ್ದವರು ಒಮ್ಮೆ ಮಾಡಿಸಿದರೆ ಸಾಕು, ಅದನ್ನೂ ಕೇಳಿ. ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್ ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಬೇಕೋ ಬೇಡವೋ ಅವರು ಹೇಳುತ್ತಾರೆ. ಟಿಎಂಟಿ ಸರಿ ಬಂದರೂ ಮುಂದೆ ಏನೂ ಆಗುವುದಿಲ್ಲ ಅಂತ ಬಾಂಡ್ ಬರೆದುಕೊಟ್ಟಂತೆ ಅಲ್ಲ. ಓಡುವಾಗ ಎದೆ, ದವಡೆ, ಎಡಗೈ ಹಿಡಿದಂತಾದರೆ, ಯಾವಾಗಲೂ ಓಡುವ ಪೇಸ್‌ನಲ್ಲಿ ಉಸಿರು ಸಾಲದೆ ಹೋದರೆ, ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕದೆ ಅಲ್ಲೇ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ಆ ಹೊತ್ತಿಗೆ ವಾಚು ಏನು ತೋರಿಸುತ್ತಿದೆ ಅಂತ ನೋಡಲೂಬೇಡಿ.

ಕೊನೆಗೆ ಮುಂಬೈ. ರೇಸಿಗೆ ಎರಡು ವಾರ ಇರುವಾಗ ಓಟ ಕಡಿಮೆ ಮಾಡುತ್ತೀರಿ. ಆಗ ಎಚ್‌ಆರ್‌ವಿ ಏರಬೇಕು ಅಂತ ಕಾಯುತ್ತಾ ಕೂರಬೇಡಿ. ಕೆಲವರಿಗೆ ಏರುತ್ತದೆ, ಕೆಲವರಿಗೆ ಇಳಿಯುತ್ತದೆ. ಹಿಂದಿನ ರಾತ್ರಿ ಹೊಸ ಊರು, ಹೋಟೆಲ್ ಹಾಸಿಗೆ, ನಡುರಾತ್ರಿ ಮೂರಕ್ಕೆ ಅಲಾರಂ, ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂಥ ಕಳವಳ. ಆ ಬೆಳಿಗ್ಗೆ ಬಡಿತ ಏಳೆಂಟು ಮೇಲಿರುತ್ತದೆ, ಎಚ್‌ಆರ್‌ವಿ ಬಹುಶಃ 25ರ ಆಸುಪಾಸು ಇರುತ್ತದೆ. ಜ್ವರ ಇಲ್ಲ, ಮೈಕೈ ನೋವಿಲ್ಲ ಅಂದರೆ ಅದು ಕಳವಳವೇ ಹೊರತು ಕಾಯಿಲೆಯಲ್ಲ. ಹಿಂದಿನ ದಿನವೇ ವಾಚಿನಲ್ಲಿ ಬೆಳಗಿನ ರಿಪೋರ್ಟ್ ಆಫ್ ಮಾಡಿಟ್ಟು ಮಲಗಿ. ಮೊದಲ ಹತ್ತು ಕಿಲೋಮೀಟರ್ ನಿಧಾನವಾಗಿ ಓಡಿ. ಪೆಡ್ಡರ್ ರೋಡಿನ ಏರು 30 ಕಿ.ಮೀ. ದಾಟಿದ ಮೇಲೆ ಕಾಯುತ್ತಿರುತ್ತದೆ, ಅದಕ್ಕೆ ಕಾಲು ಉಳಿಸಿಟ್ಟುಕೊಳ್ಳಿ. ಹೃದ್ರೋಗ ತಜ್ಞರು ಏನು ಹೇಳಿದರು ಅಂತ ಮಾತ್ರ ನನಗೆ ಒಂದು ಸಾಲು ಬರೆಯಿರಿ.